ಯಾವ ಇಬ್ಬರೂ, ಎಲ್ಲ ಮೂವರೂ

ಈ ಅಂಕಣದಲ್ಲಿ ಸಾಮಾನ್ಯವಾಗಿ ಭಾಗಪತ್ರ, ಬಾಡಿಗೆ ಕರಾರು, ಜಾಮೀನುಗಳ ಕುರಿತು ಬರೆಯುತ್ತ ಬಂದಿದ್ದೇನೆ. ಈ ವಾರ ಗಣಿತದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಲು ಓದುಗರು ಅನುಮತಿ ನೀಡಬೇಕು.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ವನ್‌ಗೆ ಇಂಗ್ಲಿಷ್ ಪಠ್ಯಪುಸ್ತಕ ಹಿಡಿದ ನೆರೆಮನೆಯ ಬಾಲಕಿಯೊಬ್ಬಳು ಕಳೆದ ಭಾನುವಾರ ಉತ್ತರಪತ್ರಿಕೆಯೊಡನೆ ಬಂದಳು. ಪಾಠ ಕ್ರಮಯೋಜನೆ. ಪ್ರಶ್ನೆ ಇಷ್ಟೆ: ನಾಲ್ವರು ಹುಡುಗರು, ಮೂವರು ಹುಡುಗಿಯರು ಒಂದು ಸಾಲಿನಲ್ಲಿ ಕುಳಿತುಕೊಳ್ಳಬೇಕು, ಯಾವ ಇಬ್ಬರು ಹುಡುಗಿಯರೂ ಅಕ್ಕಪಕ್ಕದಲ್ಲಿರಕೂಡದು, ಎಷ್ಟು ಬಗೆಯಲ್ಲಿ ಸಾಧ್ಯ? ಅವಳ ಉತ್ತರ 4320. ಗುಣಾಕಾರದಲ್ಲಿ ದೋಷವಿಲ್ಲ, ಆದರೆ ಅಂಕ ಸೊನ್ನೆ. (ವಿಧಾನಕ್ಕೆ ಒಂದಂಕವನ್ನಾದರೂ ಕೊಡಬಹುದಿತ್ತೇ ಎಂಬುದು ಬೇರೆ ವಾದ.) ಕನ್ನಡ ಮಾಧ್ಯಮದವರಿಗೆ ಈ ಗಣಿತ ಒಗ್ಗದೆಂದು ಮನೆಯಲ್ಲಿ ತೀರ್ಮಾನವಾಗಿ, ವಿಷಯ ಬದಲಾವಣೆಗೆ ಅರ್ಜಿ ಬರೆಸಿಕೊಳ್ಳಲು ಅವಳನ್ನು ನನ್ನಲ್ಲಿಗೆ ಕಳುಹಿಸಿದ್ದರು.

ಅರ್ಜಿಗೆ ಮೊದಲು ಉತ್ತರವನ್ನೇ ಓದಿಸಿದೆ. ಯಾವ ನಿರ್ಬಂಧವೂ ಇಲ್ಲದಿದ್ದರೆ ಏಳು ಮಂದಿ 7×6×5×4×3×2×1, ಅಂದರೆ 5040 ಬಗೆಯಲ್ಲಿ ಕುಳಿತುಕೊಳ್ಳಬಹುದು. ಮೂವರು ಹುಡುಗಿಯರನ್ನು ಒಂದು ಕಟ್ಟೆಂದು ಭಾವಿಸಿದರೆ, ನಾಲ್ವರು ಹುಡುಗರೂ ಆ ಕಟ್ಟೂ ಸೇರಿ ಐದು ಘಟಕಗಳು. ಅವುಗಳ ಜೋಡಣೆ 120, ಕಟ್ಟಿನೊಳಗಿನ ಜೋಡಣೆ 6, ಒಟ್ಟು 720. ಅದನ್ನು 5040ರಿಂದ ಕಳೆದು ಅವಳು 4320 ಎಂದು ಬರೆದಿದ್ದಳು. ಕಳೆದದ್ದು ಮೂವರೂ ಒಟ್ಟಾಗಿರುವ ಸಾಲುಗಳನ್ನು ಮಾತ್ರ. ಇಬ್ಬರು ಜತೆಗಿದ್ದು ಮೂರನೆಯವಳು ದೂರವಿರುವ 2880 ಸಾಲುಗಳು ಅವಳ ಉತ್ತರದೊಳಗೆ ಹಾಯಾಗಿ ಉಳಿದುಕೊಂಡಿದ್ದವು.

ವಕೀಲನಿಗೆ ಇದು ಪರಿಚಿತ ಪ್ರಮಾದ. 'ಮೂವರು ಸೋದರರೂ ಸೇರಿ ಈ ಜಾಗವನ್ನು ಮಾರಕೂಡದು' ಎಂಬುದಕ್ಕೂ 'ಸೋದರರಲ್ಲಿ ಯಾರೊಬ್ಬನೂ ಮಾರಕೂಡದು' ಎಂಬುದಕ್ಕೂ ಎಷ್ಟು ಅಂತರವಿದೆಯೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಕುಟುಂಬಗಳಿಗೆ ಗೊತ್ತು. ಕಲಮು ಕೊಟ್ಟದ್ದನ್ನು ಅದರ ಕೆಳಗಿನ ಪರಂತುಕ ಎಷ್ಟು ಹಿಂದಕ್ಕೆ ಪಡೆಯುತ್ತದೆಂಬುದು ಇಂತಹ ಒಂದೆರಡು ಪದಗಳ ಮೇಲೆಯೇ ನಿಂತಿರುತ್ತದೆ. ಬಾಲಕಿಗೆ ಆ ಇಂಗ್ಲಿಷ್ ವಾಕ್ಯದ ಪ್ರತಿಯೊಂದು ಪದವೂ ತಿಳಿದಿತ್ತು. ಆದರೂ ಮನಸ್ಸಿನಲ್ಲಿ ಅದು 'ಹುಡುಗಿಯರು ಒಟ್ಟಿಗಿರಬಾರದು' ಎಂದು ಸವೆದುಹೋಗಿತ್ತು. ಕನ್ನಡದಲ್ಲಿ ಬರೆ ಎಂದೆ. 'ಯಾವ ಇಬ್ಬರೂ' ಎಂದು ಬರೆದವಳು ಅಲ್ಲಿಯೇ ಪೆನ್ನು ನಿಲ್ಲಿಸಿದಳು.

ಮುಂದಿನದು ಸುಲಭ. ನಿರ್ಬಂಧವಿಲ್ಲದವರನ್ನು ಮೊದಲು ಕೂರಿಸಬೇಕು. ನಾಲ್ವರು ಹುಡುಗರಿಗೆ 24 ಬಗೆ. (ವಿಷ್ಣುವಿನ ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮಗಳನ್ನು ಅದಲುಬದಲು ಮಾಡಿದರೆ ಎಷ್ಟು ರೂಪಗಳಾಗುತ್ತವೆಂದು ಭಾಸ್ಕರಾಚಾರ್ಯನು 1150ರ 'ಲೀಲಾವತಿ'ಯಲ್ಲಿ ಕೇಳಿದ ಲೆಕ್ಕದ ಉತ್ತರವೂ ಇದೇ 24, ಕೇಶವಾದಿ ಮೂರ್ತಿಗಳ ಸಂಖ್ಯೆಯೂ ಅಷ್ಟೇ.) ಹುಡುಗರ ನಡುವೆ ಮೂರು ತೆರವು, ಎರಡು ತುದಿಗಳಲ್ಲಿ ಒಂದೊಂದು, ಒಟ್ಟು ಐದು. ಒಂದು ತೆರವಿಗೆ ಒಬ್ಬಳೇ ಹುಡುಗಿ. ಮೊದಲನೆಯವಳಿಗೆ 5 ಆಯ್ಕೆ, ಎರಡನೆಯವಳಿಗೆ 4, ಮೂರನೆಯವಳಿಗೆ 3, ಹೀಗೆ 60. 24×60 = 1440.

ಹಾಗಾದರೆ ಕಳೆಯುವ ವಿಧಾನ ತರಗತಿಯಲ್ಲಿ ಸರಿಹೋಗಿತ್ತಲ್ಲ ಎಂದು ಅವಳ ಆಕ್ಷೇಪ. ನ್ಯಾಯವಾದ ಆಕ್ಷೇಪವೇ. ಅಲ್ಲಿನ ಉದಾಹರಣೆಯಲ್ಲಿದ್ದವರು ಇಬ್ಬರೇ ಹುಡುಗಿಯರು. ಇಬ್ಬರೇ ಇದ್ದಾಗ 'ಎಲ್ಲರೂ' ಎಂದರೂ 'ಯಾವ ಇಬ್ಬರೂ' ಎಂದರೂ ಅರ್ಥ ಒಂದೇ, ಉತ್ತರವೂ ಒಂದೇ. ಮೂರನೆಯವಳು ಬಂದೊಡನೆ ದಾರಿ ಕವಲಾಗುತ್ತದೆ. ಸಣ್ಣ ಉದಾಹರಣೆಯಲ್ಲಿ ಗೆದ್ದ ವಿಧಾನವನ್ನು ನಂಬಿ ಕೆಟ್ಟವರು ನಮ್ಮ ವೃತ್ತಿಯಲ್ಲಿಯೂ ಕಡಿಮೆಯಿಲ್ಲ.

ಮತ್ತೊಂದು ಷರತ್ತು ಕೊಟ್ಟೆ: ಅದೇ ಏಳು ಮಂದಿ, ಎರಡು ತುದಿಗಳಲ್ಲಿಯೂ ಹುಡುಗರೇ ಇರತಕ್ಕದ್ದು; ಹುಡುಗಿಯರು ಹೇಗಾದರೂ ಇರಲಿ. ಷರತ್ತು ತುದಿಗಳ ಮೇಲಿರುವುದರಿಂದ ಅವನ್ನೇ ಮೊದಲು ತುಂಬಿದಳು: 4×3. ಉಳಿದ ಐವರಿಗೆ 120. ಗುಣಿಸಿದಾಗ ಪುನಃ 1440 ಬಂದುದನ್ನು ಕಂಡು ಹಳೆಯ ಉತ್ತರವನ್ನೇ ಬರೆದೆನೆಂದು ಹೆದರಿ ಹೊಡೆದುಹಾಕಿದಳು. ಹೊಡೆದುಹಾಕಬೇಕಾಗಿರಲಿಲ್ಲ. ಸಂಖ್ಯೆ ಒಂದೇ ಆದರೂ ಸಾಲುಗಳು ಬೇರೆ.

ಅರ್ಜಿಯ ವಿಚಾರವನ್ನು ಮುಂದಿನ ಪರೀಕ್ಷೆ ಮುಗಿದ ಮೇಲೆ ನೋಡೋಣವೆಂದು ಹೇಳಿ ಹೋಗಿದ್ದಾಳೆ. ತುದಿಗಳಲ್ಲಿ ಹುಡುಗರು, ಜತೆಗೆ ಯಾವ ಇಬ್ಬರು ಹುಡುಗಿಯರೂ ಅಕ್ಕಪಕ್ಕದಲ್ಲಿಲ್ಲ, ಹೀಗೆ ಎರಡು ಷರತ್ತುಗಳನ್ನೂ ಒಟ್ಟಿಗೆ ವಿಧಿಸಿದರೆ ಎಷ್ಟು ಬಗೆ? ಮನೆಯ ಮಕ್ಕಳು ಬಿಡಿಸಲಿ. ಉತ್ತರ ಮುಂದಿನ ವಾರ.