ನೆಲಕ್ಕೂ ಸೈ, ನೀರಿಗೂ ಸೈ



ರಜೆಗೆಂದು ಶಕ್ತಿನಗರಕ್ಕೆ ಬಂದ ಮೊಮ್ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಕೆನಡಾದ ಕಾಡು, ಎಂಟು ಚಕ್ರದ ಪುಟ್ಟ ಗಾಡಿ. ಗಾಳ, ಬುಟ್ಟಿ, ಡೇರೆ ಎಲ್ಲವನ್ನೂ ಹೇರಿಕೊಂಡು ಕಲ್ಲು, ಕೆಸರು ದಾಟಿ ಬಂತು. ಸರೋವರದ ದಂಡೆಯಲ್ಲೂ ನಿಲ್ಲದೆ ಸೀದಾ ನೀರಿಗಿಳಿದು ತೇಲತೊಡಗಿತು. ಒಳಗಿದ್ದವರು ಕುಳಿತಲ್ಲೇ ಗಾಳ ಹಾಕಿದರು.

“ತಾತ, ಇಂಥಾ ಗಾಡಿ ನಮ್ಮ ಕೃಷ್ಣಾ ಹೊಳ್ಯಾಗ ಯಾಕಿಲ್ಲ?” ಎಂದು ಕೇಳಿದ.

“ಇಲ್ಲ ಅಂದವರ್ಯಾರು? ಅದಕ್ಕ ಚಕ್ರ ಇಲ್ಲ, ಎಂಜಿನ್ ಇಲ್ಲ, ಅಷ್ಟ” ಎಂದೆ.

ಮೊದಲು ಆ ಗಾಡಿಯ ಗುಟ್ಟು ನೋಡೋಣ. ಕೆನಡಾದ ‘ಆರ್ಗೊ’ ಎಂಬ ಇಂಥ ಗಾಡಿ 1967ರಿಂದ ತಯಾರಾಗುತ್ತಿದೆ. ಅದರ ಒಡಲು ದೊಡ್ಡ ಪ್ಲಾಸ್ಟಿಕ್ ತೊಟ್ಟಿಯಂತೆ. ನೀರು ಒಳಗೆ ಬಾರದು. ದಪ್ಪ ಟೈರುಗಳಲ್ಲಿ ಗಾಳಿ ತೀರಾ ಕಡಿಮೆ, ಆದ್ದರಿಂದ ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲ. ನೀರಿಗಿಳಿದ ಮೇಲೆ ಅವೇ ಟೈರುಗಳ ಹಲ್ಲುಗಳು ಹುಟ್ಟಿನಂತೆ ನೀರನ್ನು ಹಿಂದಕ್ಕೆ ತಳ್ಳುತ್ತವೆ. ಹಾಗಾಗಿ ನೀರಿನಲ್ಲಿ ಅದರ ಓಟ ನಮ್ಮ ನಡಿಗೆಯಷ್ಟೇ.

ಇನ್ನು ನಮ್ಮದು ಹರಿಗೋಲು. ಬಿದಿರು ಸೀಳಿ ಹೆಣೆದ ದುಂಡನೆಯ ಬುಟ್ಟಿ. ಹಿಂದೆ ಅದಕ್ಕೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಮೀನುಗಾರ ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ದಂಡೆಗೆ ಬರುತ್ತಾನೆ. ನೆಲದ ಮೇಲೆ ಬುಟ್ಟಿಯನ್ನು ಅವನು ಹೊತ್ತರೆ, ನೀರಿನಲ್ಲಿ ಅವನನ್ನು ಬುಟ್ಟಿ ಹೊರುತ್ತದೆ. ಬಲೆ ಬೀಸಿ ರೋಹು, ಕಟ್ಲಾ ಹಿಡಿದು, ಮತ್ತೆ ತಲೆಗೇರಿಸಿ ಮನೆಗೆ ಹೊರಡುತ್ತಾನೆ. ಡೀಸೆಲ್ ಖರ್ಚಿಲ್ಲ!

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ಇದೇ ಹರಿಗೋಲುಗಳನ್ನು ಕಂಡಿದ್ದ. ಹದಿನೈದಿಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು, ಆದರೆ ನೆಟ್ಟಗೆ ಸಾಗದೆ ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟ. ಆ ಆನೆಗೊಂದಿ 1997ರವರೆಗೂ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು.

ಇನ್ನು ಒಂದು ಲೆಕ್ಕ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಲೆಕ್ಕ ಬಿಡದಲ್ಲ! ಎರಡು ಮೀಟರ್ ಅಡ್ಡಗಲದ ಹರಿಗೋಲು ಇದೆ, ಅದರ ಅಂಚು ನೆಟ್ಟಗಿದೆ ಎಂದುಕೊಳ್ಳಿ. ಅದು ಒಂದು ಸೆಂಟಿಮೀಟರ್ ಮುಳುಗಿದರೆ ಸುಮಾರು 31 ಲೀಟರ್ ನೀರನ್ನು ಸರಿಸುತ್ತದೆ, ಅಂದರೆ 31 ಕಿಲೊ ಭಾರ ಹೊರುತ್ತದೆ. ನಿಮ್ಮಂಥ ಒಬ್ಬ ಹುಡುಗ ಹತ್ತಿದರೆ ಒಂದು ಸೆಂಟಿಮೀಟರ್. 62 ಕಿಲೊ ತೂಕದ ಐದು ಜನ ದೊಡ್ಡವರು ಹತ್ತಿದರೆ ಹತ್ತು ಸೆಂಟಿಮೀಟರ್. ಮೇಲೆ ಅಕ್ಕಿ ಮೂಟೆ, ಸೈಕಲ್ಲು ಹೇರಿದಷ್ಟೂ ಅಂಚು ನೀರಿನ ಹತ್ತಿರ ಬರುತ್ತದೆ. ನೀರಿನಿಂದ ಅಂಚಿನವರೆಗೆ ಉಳಿಯುವ ಎತ್ತರವೇ ಹರಿಗೋಲಿನ ‘ಮಿನಿಮಮ್ ಬ್ಯಾಲೆನ್ಸ್’. ಅದನ್ನು ಮುಟ್ಟಬಾರದು. ಬ್ಯಾಂಕಿನಲ್ಲಾದರೆ ದಂಡ ಕಟ್ಟಿ ಪಾರಾಗಬಹುದು. ಹೊಳೆಯಲ್ಲಿ ಒಂದು ಅಲೆ ಸಾಕು.

ಇದು ಬರೀ ಪುಸ್ತಕದ ಲೆಕ್ಕವಲ್ಲ. 2020ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಕುರ್ವಕಲಾ ನಡುಗಡ್ಡೆಯವರಿದ್ದ ಹರಿಗೋಲು ಕೃಷ್ಣೆಯಲ್ಲಿ ಮಗುಚಿ, ನಾಲ್ವರು ನೀರುಪಾಲಾದರು. ನಡುಗಡ್ಡೆಯವರಿಗೆ ಹರಿಗೋಲು ಮೋಜಿನ ಸವಾರಿಯಲ್ಲ. ಸಂತೆಗೂ ಆಸ್ಪತ್ರೆಗೂ ಅದೇ ದಾರಿ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಹೊಳೆ ತುಂಬಿ ಆ ದಾರಿಯೂ ಕಟ್ಟುತ್ತದೆ.

ಕೆನಡಾದ ಗಾಡಿಯಲ್ಲಿ ನಾನು ಮೆಚ್ಚಿದ್ದು ಎಂಜಿನ್ನನ್ನಲ್ಲ, ಅದರಲ್ಲಿ ಕುಳಿತವರು ತೊಟ್ಟ ಲೈಫ್ ಜಾಕೆಟ್ಟನ್ನು. ಅದು ನಮ್ಮ ಪ್ರತಿಯೊಂದು ಹರಿಗೋಲಿಗೂ ಬರಬೇಕು.

ಮಕ್ಕಳೇ, ಈ ಭಾನುವಾರ ಬಕೆಟ್ ನೀರಿನಲ್ಲಿ ಒಂದು ಸ್ಟೀಲ್ ಬೋಗುಣಿ ತೇಲಿಬಿಡಿ. ಒಂದೊಂದೇ ನಾಣ್ಯ ಹಾಕುತ್ತಾ ಎಣಿಸಿ. ಆಮೇಲೆ ಎಲ್ಲ ನಾಣ್ಯವನ್ನೂ ಒಂದೇ ಬದಿಗೆ ಸರಿಸಿ ನೋಡಿ. ಏನಾಯಿತೆಂದು ತಾತನಿಗೆ, ಅಜ್ಜಿಗೆ ಹೇಳಿ. ಹಿರಿಯರೇ, ಮೊಮ್ಮಕ್ಕಳೊಂದಿಗೆ ದೋಣಿ ಹತ್ತುವ ಮುನ್ನ ಅಂಬಿಗನನ್ನು “ಜಾಕೆಟ್ ಎಲ್ಲಪ್ಪಾ?” ಎಂದು ಕೇಳಿ. ಇಲ್ಲವೆಂದರೆ ದಂಡೆಯಲ್ಲೇ ಕುಳಿತು ಬುತ್ತಿ ಬಿಚ್ಚಿ. ಹೊಳೆ ಅಲ್ಲಿಂದಲೂ ಚೆನ್ನಾಗಿಯೇ ಕಾಣುತ್ತದೆ.