ಹಳೆಯ ಪಿಎಸ್4ಗೆ ಯಾವ ಎಸ್‌ಎಸ್‌ಡಿ?

ಪ್ಲೇಸ್ಟೇಷನ್ 4 ಭಾರತದ ಅಂಗಡಿಗಳಿಗೆ ಬಂದದ್ದು 2014ರ ಜನವರಿಯಲ್ಲಿ, ಬೆಲೆ 39,990 ರೂಪಾಯಿ. ಆಗ ಅಪ್ಪನನ್ನು ಕಾಡಿ ಕೊಡಿಸಿಕೊಂಡ ಹುಡುಗರು ಈಗ ಸಂಬಳ ಎಣಿಸುತ್ತಿದ್ದಾರೆ. ಆ ಕಪ್ಪು ಪೆಟ್ಟಿಗೆ ಮಾತ್ರ ಎಷ್ಟೋ ಮನೆಗಳಲ್ಲಿ ಟಿವಿಯ ಕೆಳಗೇ ಉಳಿದಿದೆ. ಈಗ ಅದು ತಮ್ಮನದೋ ಅಕ್ಕನ ಮಗನದೋ ಆಗಿದೆ. ಜಗತ್ತಿನಾದ್ಯಂತ 11.7 ಕೋಟಿಯಷ್ಟು ಮಾರಾಟವಾದ ಯಂತ್ರವಿದು. ಅಷ್ಟು ಬೇಗ ಗುಜರಿಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಆಟಗಳು ಹೇರಳವಾಗಿವೆ, ಸೆಕೆಂಡ್ ಹ್ಯಾಂಡ್ ಡಿಸ್ಕುಗಳು ಸಲೀಸಾಗಿ ಸಿಗುತ್ತವೆ. ಆಡುವವರ ಗೊಣಗಾಟ ಮುಖ್ಯವಾಗಿ ಒಂದೇ: ಲೋಡ್ ಆಗುವವರೆಗೆ ಕಾಯಬೇಕು. ಆಟ ತೆರೆಯಲು ಕಾಯಬೇಕು, ಸತ್ತು ಮತ್ತೆ ಹುಟ್ಟಲು ಕಾಯಬೇಕು, ಅಪ್‌ಡೇಟ್ ಬಂದರಂತೂ ಊಟ ಮುಗಿಸಿ ಬಂದರೂ ಕಾಯುತ್ತಲೇ ಇರಬೇಕು.

ಇದಕ್ಕೆ ಎಲ್ಲರೂ ಹೇಳುವ ಮದ್ದು, ಒಳಗಿನ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದು. ಮದ್ದು ಸರಿಯಾದದ್ದೇ. ಆದರೆ ಯಾವ ಎಸ್‌ಎಸ್‌ಡಿ ಎಂಬಲ್ಲಿ ಜನ ಎರಡು ರೀತಿಯಲ್ಲಿ ಎಡವುತ್ತಾರೆ. ಕೆಲವರು ಯಂತ್ರಕ್ಕೆ ಬಳಸಲಾಗದ ವೇಗಕ್ಕೆ ದುಡ್ಡು ಸುರಿಯುತ್ತಾರೆ, ಇನ್ನು ಕೆಲವರು ಅಗ್ಗವೆಂದು ಹೆಸರೇ ಇಲ್ಲದ ಮಾಲನ್ನು ತಂದು ಆರು ತಿಂಗಳಲ್ಲಿ ಸೇವ್ ಮಾಡಿದ್ದನ್ನೆಲ್ಲ ಕಳೆದುಕೊಳ್ಳುತ್ತಾರೆ. ಎರಡನ್ನೂ ತಪ್ಪಿಸಿಕೊಳ್ಳಲು ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂದು ಸ್ವಲ್ಪ ತಿಳಿದಿರಬೇಕು.

ಪಿಎಸ್4ರೊಳಗೆ ಇರುವುದು ಲ್ಯಾಪ್‌ಟಾಪಿನಲ್ಲಿ ಬಳಸುತ್ತಿದ್ದಂಥ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್. ಮೊದಲು ಬಂದ ಯಂತ್ರಗಳಲ್ಲಿ 500 ಜಿಬಿಯದು. ಅದರ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ತಟ್ಟೆಯ ಇನ್ನೊಂದು ಮೂಲೆಯಲ್ಲಿದ್ದರೆ ಓದುವ ಸೂಜಿ ಅಲ್ಲಿಗೆ ಸರಿಯಬೇಕು, ತಟ್ಟೆ ತಿರುಗಿ ಆ ಜಾಗ ಸೂಜಿಯ ಕೆಳಗೆ ಬರುವವರೆಗೆ ನಿಲ್ಲಬೇಕು. ಸಾಲಾಗಿ ಬರೆದಿಟ್ಟ ಒಂದೇ ದೊಡ್ಡ ಕಡತವನ್ನು ಓದುವುದಾದರೆ ಸೆಕೆಂಡಿಗೆ 100 ಎಂಬಿ ಆಸುಪಾಸಿನ ವೇಗ ಸಿಗುತ್ತದೆ. ಚದುರಿ ಬಿದ್ದ ಸಣ್ಣ ಸಣ್ಣ ತುಣುಕುಗಳಾದರೆ ಸೆಕೆಂಡಿಗೆ ನೂರು ತುಣುಕು ಹೆಕ್ಕುವುದೂ ಕಷ್ಟ. ಕಿರಾಣಿ ಅಂಗಡಿಯಲ್ಲಿ ಒಂದು ಮೂಟೆ ಅಕ್ಕಿ ಕೊಡಿ ಎಂದರೆ ಹುಡುಗ ತಟ್ಟನೆ ತಂದಿಡುತ್ತಾನೆ. ಐವತ್ತು ಸಾಮಾನಿನ ಚೀಟಿ ಕೊಟ್ಟರೆ ತೂಕ ಅದಕ್ಕಿಂತ ಕಡಿಮೆಯಿದ್ದರೂ ಅರ್ಧ ಗಂಟೆ ಓಡಾಡುತ್ತಾನೆ. ಆಟಗಳು ಕೊಡುವುದು ಈ ಚೀಟಿಯನ್ನೇ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಸೂಜಿಯೂ ಇಲ್ಲ. ಯಾವ ಮೂಲೆಯ ತುಣುಕಾದರೂ ಮಿಲಿಸೆಕೆಂಡಿನ ಸಣ್ಣ ಪಾಲಿನಲ್ಲಿ ಕೈಗೆ ಬರುತ್ತದೆ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ "550 ಎಂಬಿ" ಎಂಬ ಅಂಕಿಗಿಂತ ನಮಗೆ ಲಾಭವಾಗುವುದು ಈ ಗುಣದಿಂದ. ಇದು ಅತಿ ಅಗ್ಗದ ಎಸ್‌ಎಸ್‌ಡಿಯಲ್ಲೂ ಇದೆ.

ಆಟ ಬರೆದವರಿಗೂ ಹಾರ್ಡ್ ಡಿಸ್ಕಿನ ಈ ಸೋಮಾರಿತನ ಗೊತ್ತಿತ್ತು. ಪಿಎಸ್4 ಮತ್ತು ಪಿಎಸ್5ರ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ಕೊಟ್ಟ ಉಪನ್ಯಾಸವೊಂದರಲ್ಲಿ ಇದನ್ನು ಬಿಡಿಸಿ ಹೇಳಿದ್ದರು. ಪಿಎಸ್4ರಲ್ಲಿ 1 ಜಿಬಿ ಮಾಹಿತಿ ಒಳಗೆ ಬರಲು ಅವರ ಲೆಕ್ಕದಲ್ಲಿ ಸುಮಾರು 20 ಸೆಕೆಂಡ್ ಬೇಕು. 2018ರ ಸ್ಪೈಡರ್‌ಮ್ಯಾನ್ ಆಟದಲ್ಲಿ ಬೀದಿಬದಿಯ ಅಂಚೆಪೆಟ್ಟಿಗೆಯಂಥ ವಸ್ತು ಊರಿನ ಎಲ್ಲ ಕಡೆಯೂ ಕಾಣಿಸುತ್ತದಲ್ಲ, ಸೂಜಿ ಅದನ್ನು ಹುಡುಕಿಕೊಂಡು ದೂರ ಹೋಗದಿರಲೆಂದು ಒಂದೇ ಚಿತ್ರವನ್ನು ಡಿಸ್ಕಿನಲ್ಲಿ 400ರಷ್ಟು ಸಲ ನಕಲು ಮಾಡಿ ಇಡಬೇಕಾಗುತ್ತಿತ್ತಂತೆ. ಆಟಗಳ ಗಾತ್ರ ಅಷ್ಟೊಂದು ಉಬ್ಬುವುದಕ್ಕೆ ಇದೂ ಒಂದು ಕಾರಣ.

ಪಿಎಸ್4ರ ಆಟಗಳು ನಿಧಾನ ಡಿಸ್ಕನ್ನು ಲೆಕ್ಕಕ್ಕಿಟ್ಟುಕೊಂಡೇ ಹುಟ್ಟಿದವು ಎಂದಾಯಿತು. ಜೊತೆಗೆ ಯಂತ್ರದ ಮಿತಿಗಳೂ ಸೇರಿಕೊಳ್ಳುತ್ತವೆ. ಮೊದಲ ಮಾದರಿಯ ಪಿಎಸ್4ರಲ್ಲಿ ಡಿಸ್ಕ್ ಕೂರುವ ಜಾಗ ಸಾಟಾ-2 ದರ್ಜೆಯದು. ಸೆಕೆಂಡಿಗೆ 300 ಎಂಬಿಗಿಂತ ಹೆಚ್ಚು ಅಲ್ಲಿ ಹರಿಯುವುದೇ ಇಲ್ಲ. 2016ರಲ್ಲಿ ಬಂದ ಪಿಎಸ್4 ಪ್ರೊದಲ್ಲಿ ಸಾಟಾ-3 ಇದೆ, ಅದರ ಮಿತಿ ಇದರ ಎರಡರಷ್ಟು. ಇನ್ನೂ ಬಿಗಿಯಾದ ಮಿತಿ ಪ್ರೊಸೆಸರಿನದು. ಡಿಸ್ಕಿನಲ್ಲಿರುವ ಮಾಹಿತಿ ಮಡಚಿ ಒತ್ತಿಟ್ಟ ರೂಪದಲ್ಲಿರುತ್ತದೆ, ಬಿಡಿಸಿ ಜೋಡಿಸಿದ ಮೇಲೆಯೇ ಆಟ ಶುರು. ಪಿಎಸ್4ರ ಒಳಗಿರುವ ಎಎಂಡಿಯ ಜಾಗ್ವಾರ್ ಪ್ರೊಸೆಸರಿಗೆ ಎಂಟು ಕೋರ್‌ಗಳಿದ್ದರೂ ವೇಗ 1.6 ಗಿಗಾಹರ್ಟ್ಸ್ ಅಷ್ಟೇ, 2013ರಲ್ಲೇ ಅದು ಮಂದಗತಿಯ ಚಿಪ್. ಡಿಸ್ಕ್ ಎಷ್ಟೇ ಬೇಗ ತಂದು ಸುರಿದರೂ ಬಿಡಿಸುವ ಕೈ ಅದರದೇ ಲಯದಲ್ಲಿ ಬಿಡಿಸುತ್ತದೆ.

ಹೀಗಾಗಿ ಹಾರ್ಡ್ ಡಿಸ್ಕಿನಿಂದ ಅಗ್ಗದ ಎಸ್‌ಎಸ್‌ಡಿಗೆ ಹೋದರೆ ಕಣ್ಣಿಗೆ ಕಾಣುವ ಬದಲಾವಣೆ ಆಗುತ್ತದೆ, ಅಗ್ಗದ ಎಸ್‌ಎಸ್‌ಡಿಯಿಂದ ದುಬಾರಿ ಎಸ್‌ಎಸ್‌ಡಿಗೆ ಹೋದರೆ ಗಡಿಯಾರ ಹಿಡಿದು ಕೂತರೂ ವ್ಯತ್ಯಾಸ ಹುಡುಕಬೇಕು. ಲಾಭವೂ ಎಲ್ಲ ಆಟಗಳಿಗೆ ಸಮನಲ್ಲ. ವಿಶಾಲವಾದ ಊರು, ಕಾಡು ತೋರಿಸುವ ಆಟಗಳಿಗೆ ಹೆಚ್ಚು, ಫುಟ್‌ಬಾಲ್ ಪಂದ್ಯದಂಥವಕ್ಕೆ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಯಾರೂ ಅಷ್ಟಾಗಿ ಹೇಳದ ದೊಡ್ಡ ಲಾಭವೆಂದರೆ ಅಪ್‌ಡೇಟ್ ಸಮಯದ್ದು. ಪಿಎಸ್4 ಒಂದು ಪ್ಯಾಚ್ ಇಳಿಸಿಕೊಂಡ ಮೇಲೆ ಆಟವನ್ನೇ ಮತ್ತೊಮ್ಮೆ ನಕಲು ಮಾಡುತ್ತಾ ಕೂರುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಅದೊಂದು ಶಿಕ್ಷೆ, ಎಸ್‌ಎಸ್‌ಡಿಯಲ್ಲಿ ಸಹಿಸಬಹುದು. ಇನ್ನು ಚಿತ್ರ ನುಣುಪಾಗುತ್ತದೆ, ಆಟ ಓಡುವ ವೇಗ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 30 ಫ್ರೇಮಿಗೆ ಕಟ್ಟಿಹಾಕಿದ ಆಟ 30ರಲ್ಲೇ ಇರುತ್ತದೆ. ಫ್ಯಾನ್ ಜೆಟ್ ವಿಮಾನದಂತೆ ಕೂಗುತ್ತಿದ್ದರೆ ಅದಕ್ಕೆ ಬೇಕಾದದ್ದು ಧೂಳು ಒರೆಸುವುದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸುವುದು, ಎಸ್‌ಎಸ್‌ಡಿ ಅಲ್ಲ.

ಈಗ ಕೊಳ್ಳುವ ಮಾತು. ಆಕಾರ ಮೊದಲು ನೋಡಿ. ಪಿಎಸ್4ಗೆ ಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ; ದಪ್ಪ 9.5 ಮಿಲಿಮೀಟರ್ ಮೀರಬಾರದು, ಸಾಮಾನ್ಯವಾಗಿ ಸಿಗುವುದು 7 ಮಿಲಿಮೀಟರಿನದು, ಧಾರಾಳವಾಗಿ ಕೂರುತ್ತದೆ. ಚೂಯಿಂಗ್ ಗಮ್ ಪಟ್ಟಿಯಂತೆ ಉದ್ದಕ್ಕಿರುವ ಎನ್‌ವಿಎಂಇ ಪಿಎಸ್5ರದು, ಪಿಎಸ್4ಗೆ ಹೊಂದುವುದಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ "ಪ್ಲೇಸ್ಟೇಷನ್‌ಗೆ ಎಸ್‌ಎಸ್‌ಡಿ" ಎಂದಷ್ಟೇ ಕೇಳಿದರೆ ಇದನ್ನೇ ಕೈಗಿಟ್ಟಾರು. "ಎರಡೂವರೆ ಇಂಚಿನ ಸಾಟಾ" ಎಂದು ಬಿಡಿಸಿ ಹೇಳಿ.

ಗಾತ್ರದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. 240 ಜಿಬಿಯದು ಎಲ್ಲಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ, ಯಂತ್ರ ಅದನ್ನು ಒಪ್ಪಿಕೊಳ್ಳುತ್ತದೆ ಕೂಡ. ಆದರೆ 500 ಜಿಬಿಯ ಡಿಸ್ಕಿನಲ್ಲೇ ಸಿಸ್ಟಂ ತನ್ನ ಪಾಲು ಕತ್ತರಿಸಿಕೊಂಡ ಮೇಲೆ ನಮಗೆ ಉಳಿಯುವುದು 400 ಜಿಬಿ ಚಿಲ್ಲರೆ. ರೆಡ್ ಡೆಡ್ ರಿಡೆಂಪ್ಷನ್ 2 ಒಂದೇ 100 ಜಿಬಿ ದಾಟುತ್ತದೆ. ಅದಕ್ಕೆ ದೊಡ್ಡ ಪ್ಯಾಚ್ ಬಂದರೆ ನಕಲು ಮಾಡಲು ಅಷ್ಟೇ ಖಾಲಿ ಜಾಗವನ್ನೂ ಕೇಳುತ್ತದೆ. 240ರಲ್ಲಿ ಒಂದು ಆಟ ಹಾಕಲು ಇನ್ನೊಂದನ್ನು ಅಳಿಸುವ ಪಾಡು. 480 ಅಥವಾ 500 ಜಿಬಿ ಕನಿಷ್ಠ, ಕೈಗೆಟುಕುವಂತಿದ್ದರೆ 1 ಟಿಬಿ. ಅಂಗಡಿಯಲ್ಲಿ ಬೆಲೆಯನ್ನು ಜಿಬಿಯಿಂದ ಭಾಗಿಸಿ ನೋಡಿ. ಎಷ್ಟೋ ಸಲ 1 ಟಿಬಿಯ ದರ ಪ್ರತಿ ಜಿಬಿಗೆ ಕಡಿಮೆ ಬೀಳುತ್ತದೆ. ಅದಕ್ಕಿಂತ ದೊಡ್ಡದು ಹಳೆಯ ಯಂತ್ರಕ್ಕೆ ಮಾಡುವ ಮಿತಿಮೀರಿದ ಖರ್ಚು.

ಪೊಟ್ಟಣದ ಮೇಲೆ ಟಿಎಲ್‌ಸಿ, ಕ್ಯೂಎಲ್‌ಸಿ, ಡಿರ‍್ಯಾಮ್ ಎಂಬ ಪದಗಳು ಕಾಣಬಹುದು. ಟಿಎಲ್‌ಸಿ ಎಂದರೆ ಒಂದು ಕೋಶದಲ್ಲಿ ಮೂರು ಬಿಟ್, ಕ್ಯೂಎಲ್‌ಸಿ ಎಂದರೆ ನಾಲ್ಕು. ಎರಡನೆಯದು ಅಗ್ಗ, ಬರೆಯುವಾಗ ನಿಧಾನ, ಸವೆತವೂ ಬೇಗ. ಡಿರ‍್ಯಾಮ್ ಎಂಬುದು ಯಾವ ಮಾಹಿತಿ ಎಲ್ಲಿದೆ ಎಂಬ ನಕಾಶೆ ಇಟ್ಟುಕೊಳ್ಳುವ ಪ್ರತ್ಯೇಕ ನೆನಪಿನ ಚಿಪ್. ಅಗ್ಗದವುಗಳಲ್ಲಿ ಅದು ಇರುವುದಿಲ್ಲ. ಇಡೀ ದಿನ ವಿಡಿಯೊ ಎಡಿಟ್ ಮಾಡುವವರಿಗೆ ಇವೆಲ್ಲ ಮುಖ್ಯ. ಆಟದ ಯಂತ್ರ ಬಹುಪಾಲು ಓದುತ್ತದೆ, ಬರೆಯುವುದು ಕಡಿಮೆ. ಕ್ರೂಷಿಯಲ್ ಬಿಎಕ್ಸ್500, ಕಿಂಗ್‌ಸ್ಟನ್ ಎ400 ಎರಡರಲ್ಲೂ ಡಿರ‍್ಯಾಮ್ ಇಲ್ಲ, ಪಿಎಸ್4ಗೆ ಎರಡೂ ಸಾಕು. ಸ್ಯಾಮ್‌ಸಂಗ್ 870 ಇವೊ ಇವೆರಡಕ್ಕಿಂತ ಉತ್ತಮ ಮಾಲು, ಅನುಮಾನವಿಲ್ಲ. ಆದರೆ ಆ ಹೆಚ್ಚಿನ ದುಡ್ಡಿಗೆ ಈ ಯಂತ್ರದಲ್ಲಿ ಕೆಲಸವಿಲ್ಲ. ಮುಂದೊಂದು ದಿನ ತೆಗೆದು ಕಂಪ್ಯೂಟರಿಗೆ ಹಾಕುವ ಯೋಚನೆಯಿದ್ದರೆ ಅದು ಬೇರೆ ಮಾತು.

"ಅಗ್ಗದ್ದು ಬೇಗ ಸವೆದುಹೋಗುತ್ತದಂತೆ" ಎಂಬ ಭಯ ಬಹಳ ಜನಕ್ಕಿದೆ. ಲೆಕ್ಕ ಹಾಕೋಣ. ಬಿಎಕ್ಸ್500ರ 500 ಜಿಬಿ ಮಾದರಿಗೆ ತಯಾರಕರು ಕೊಡುವ ಬರೆಯುವ ಮಿತಿ 120 ಟಿಬಿ. ಪಿಎಸ್4 ನೀವು ಆಡುವಾಗಲೆಲ್ಲ ಕೊನೆಯ 15 ನಿಮಿಷದ ವಿಡಿಯೊವನ್ನು ಸದ್ದಿಲ್ಲದೆ ಬರೆದುಕೊಳ್ಳುತ್ತಿರುತ್ತದೆ. ಅದಕ್ಕೆ ಗಂಟೆಗೆ 4 ಜಿಬಿ ಎಂದು ಹಿಡಿಯೋಣ, ದಿನಕ್ಕೆ ಮೂರು ಗಂಟೆ ಆಟ. ವರ್ಷಕ್ಕೆ ನಾಲ್ಕೂವರೆ ಟಿಬಿಯೊಳಗೆ. ವಾರಕ್ಕೊಂದು 50 ಜಿಬಿಯ ಆಟವನ್ನು ಅಳಿಸಿ ಹಾಕುತ್ತಾ ಹೋದರೂ ಇನ್ನೊಂದು 2.6 ಟಿಬಿ. ಒಟ್ಟು ಏಳು ಟಿಬಿಯೆಂದರೆ 120 ಮುಗಿಯಲು ಹದಿನೇಳು ವರ್ಷ. ಅಷ್ಟರಲ್ಲಿ ಪಿಎಸ್4ರ ಫ್ಯಾನೋ ಪವರ್ ಸಪ್ಲೈಯೋ ಮೊದಲು ಕೈಕೊಟ್ಟಿರುತ್ತದೆ.

ನಿಜವಾದ ಅಪಾಯ ಕೇಳರಿಯದ ಹೆಸರಿನ, ನಂಬಲಾಗದ ಬೆಲೆಯ ಮಾಲಿನಲ್ಲಿದೆ. 2 ಟಿಬಿ ಎಂದು ಅಚ್ಚು ಹಾಕಿದ ಡಬ್ಬಿಯೊಳಗೆ ಮೆಮೊರಿ ಕಾರ್ಡ್ ಅಂಟಿಸಿ ಮಾರುವ ದಂಧೆ ಲೋಕವಿಖ್ಯಾತ. ಕಂಪ್ಯೂಟರಿಗೆ ಸಿಕ್ಕಿಸಿದರೆ 2 ಟಿಬಿ ಎಂದೇ ತೋರಿಸುತ್ತದೆ, ನಿಜವಾದ ಜಾಗ ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆಯತೊಡಗುತ್ತದೆ. ಹೆಸರಿರುವ ಕಂಪನಿ, ಜಿಎಸ್‌ಟಿ ಬಿಲ್, ಮೂರು ವರ್ಷದ ವಾರಂಟಿ: ಈ ಮೂರಿದ್ದರೆ ಅಗ್ಗವಾದರೂ ಕೊಳ್ಳಿ, ಒಂದು ಕಡಿಮೆಯಿದ್ದರೂ ಬಿಡಿ. ಸಂಶಯವಿದ್ದರೆ ಯಂತ್ರಕ್ಕೆ ಹಾಕುವ ಮುನ್ನ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ಜಾಗವನ್ನು ತುಂಬಿಸಿ ಪರೀಕ್ಷಿಸಬಹುದು.

ಬದಲಿಸುವ ಕೆಲಸ ಹೆದರುವಂಥದ್ದಲ್ಲ. ಡಿಸ್ಕ್ ಬದಲಿಸಲು ಸೋನಿಯೇ ಅವಕಾಶ ಕೊಟ್ಟಿದೆ. ಮೊದಲ ಮಾದರಿಯಲ್ಲಿ ಮೇಲಿನ ಮುಚ್ಚಳದ ಒಂದು ಪಾಲನ್ನು ಸರಿಸಿದರೆ, ನಂತರ ಬಂದ ಸ್ಲಿಮ್ ಮತ್ತು ಪ್ರೊ ಮಾದರಿಗಳಲ್ಲಿ ಹಿಂಬದಿಯ ಸಣ್ಣ ಮುಚ್ಚಳ ತೆಗೆದರೆ ಡಿಸ್ಕ್ ಕಾಣುತ್ತದೆ. ಹಿಡಿದಿರುವ ತಿರುಪಿನ ತಲೆಯ ಮೇಲೆ ತ್ರಿಕೋನ, ವೃತ್ತ, ಚೌಕದ ಗುರುತುಗಳಿರುತ್ತವೆ. ಕಷ್ಟವಿರುವುದು ತಿರುಪು ಬಿಚ್ಚುವುದರಲ್ಲಲ್ಲ, ಅದಕ್ಕೂ ಮುಂಚಿನ ತಯಾರಿಯಲ್ಲಿ. ಡಿಸ್ಕಿನಲ್ಲಿರುವುದೆಲ್ಲ ಆಯಾ ಯಂತ್ರಕ್ಕಷ್ಟೇ ತೆರೆಯುವ ಗುಪ್ತಲಿಪಿಯಲ್ಲಿರುತ್ತದೆ, ಹೊರಗೆ ತೆಗೆದ ಮೇಲೆ ಕಂಪ್ಯೂಟರಿನಲ್ಲಿ ಓದಲಾಗದು. ಹಾಗಾಗಿ ಸೇವ್ ಮಾಡಿದ್ದನ್ನು ಮೊದಲೇ ಪೆನ್ ಡ್ರೈವಿಗೆ ಹಾಕಿಕೊಳ್ಳಿ. ಟ್ರೋಫಿಗಳು ಆ ಬ್ಯಾಕಪ್ಪಿನಲ್ಲಿ ಬರುವುದಿಲ್ಲ, ಅವನ್ನು ಪ್ಲೇಸ್ಟೇಷನ್ ನೆಟ್‌ವರ್ಕಿಗೆ ಸಿಂಕ್ ಮಾಡಿರಬೇಕು. ಸಿಸ್ಟಂ ಸಾಫ್ಟ್‌ವೇರನ್ನು ಸೋನಿಯ ತಾಣದಿಂದ ಇನ್ನೊಂದು ಪೆನ್ ಡ್ರೈವಿಗೆ ಇಳಿಸಿಕೊಳ್ಳಿ. ಅಲ್ಲಿ ಎರಡು ಕಡತಗಳಿವೆ, ಬರಿಯ ಅಪ್‌ಡೇಟಿನದು ಚಿಕ್ಕದು. ಹೊಸ ಡಿಸ್ಕಿಗೆ ಬೇಕಾದದ್ದು ಸುಮಾರು 1 ಜಿಬಿಯ ರೀಇನ್‌ಸ್ಟಾಲ್ ಕಡತ. ಹೊಸ ಡಿಸ್ಕ್ ಕೂರಿಸಿ, ಕಂಟ್ರೋಲರನ್ನು ತಂತಿಯಿಂದ ಜೋಡಿಸಿ, ಪವರ್ ಗುಂಡಿಯನ್ನು ಎರಡನೆಯ ಬೀಪ್ ಬರುವವರೆಗೆ ಒತ್ತಿ ಹಿಡಿದರೆ ಸೇಫ್ ಮೋಡ್ ತೆರೆಯುತ್ತದೆ. ಅಲ್ಲಿನ ಏಳನೆಯ ಆಯ್ಕೆ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಎಕ್ಸ್‌ಬಾಕ್ಸ್ ಒನ್ ಇರುವವರು ಒಳಗಿನ ಡಿಸ್ಕಿಗೆ ಕೈ ಹಾಕದಿರುವುದೇ ಲೇಸು, ಅದನ್ನು ಬಳಕೆದಾರರು ಬದಲಿಸಲೆಂದು ಮಾಡಿಲ್ಲ. 256 ಜಿಬಿಗಿಂತ ದೊಡ್ಡ ಎಸ್‌ಎಸ್‌ಡಿಯನ್ನು ಯುಎಸ್‌ಬಿ 3.0 ಕೇಸಿನಲ್ಲಿಟ್ಟು ಹೊರಗಿನಿಂದ ಸಿಕ್ಕಿಸಿದರೆ ಆಟಗಳು ಅಲ್ಲಿಂದಲೇ ಓಡುತ್ತವೆ. 2017ರ 4.50 ಅಪ್‌ಡೇಟಿನ ನಂತರ ಪಿಎಸ್4ರಲ್ಲೂ ಈ ದಾರಿ ಇದೆ, ತಿರುಪು ಬಿಚ್ಚಲು ಮನಸ್ಸಿಲ್ಲದವರಿಗೆ ಒಳ್ಳೆಯ ಉಪಾಯ. ಒಳಗಿನದನ್ನೇ ಬದಲಿಸಿದವರು ಹೊರತೆಗೆದ ಹಾರ್ಡ್ ಡಿಸ್ಕನ್ನು ಎಸೆಯಬೇಡಿ. ಹೊಸ ಡಿಸ್ಕಿನಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ ಅದನ್ನೊಂದು ಯುಎಸ್‌ಬಿ 3.0 ಕೇಸಿಗೆ ಹಾಕಿ ಅದೇ ಯಂತ್ರಕ್ಕೆ ಸಿಕ್ಕಿಸಿ, ಫಾರ್ಮ್ಯಾಟ್ ಮಾಡಿ. ಅಪರೂಪಕ್ಕೆ ಆಡುವ ಆಟಗಳು ಅಲ್ಲಿರಲಿ, ದಿನವೂ ಆಡುವವು ಎಸ್‌ಎಸ್‌ಡಿಯಲ್ಲಿ. ಆಗ 500 ಜಿಬಿಯ ಎಸ್‌ಎಸ್‌ಡಿಯೇ ಸಾಕಾಗುತ್ತದೆ.