‘ಬರಲಿ’ ಬಂದವರಿಗೆ ಸ್ಪ್ಯಾನಿಶ್ ಯಾಕೆ ಬರಲ್ಲ?

ಹೋದ ವಾರ ಮಾನ್ವಿಗೆ, ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ದಿನಾ ಬಸ್ಸಲ್ಲಿ ರಾಯಚೂರಿಗೆ ಹೋಗಿ ಡಿಗ್ರಿ ಓದ್ತಾಳೆ, ಜೊತೆಗೆ ಆನ್‌ಲೈನ್ ಕ್ಲಾಸಲ್ಲಿ ಸ್ಪ್ಯಾನಿಶ್ ಕಲೀತಿದ್ದಾಳೆ. ಅವತ್ತು ಮುಖ ಸಣ್ಣದು ಮಾಡ್ಕೊಂಡು ಕೂತಿದ್ಲು.

"ಮಾಮಾ, ಈ ಸಬ್ಜಂಕ್ಟಿವ್ ನನ್ ತಲಿಗೆ ಹೋಗವಲ್ದು. ಇಂಗ್ಲಿಷ್ ಗಟ್ಟಿ ಇದ್ದೋರಿಗಷ್ಟ ತಿಳಿತದ, ಕನ್ನಡ ಮೀಡಿಯಂನೋರಿಗೆ ಕಷ್ಟ ಅಂದ್ರು ನಮ್ ಸರ್."

ನನಗೆ ಸಿಟ್ಟು ಬಂತು. ನಾನೂ ದೇವದುರ್ಗದ ಕನ್ನಡ ಶಾಲೇಲಿ ಓದಿದವನೇ. ಆಮೇಲೆ ನೌಕರಿಗೋಸ್ಕರ ಸ್ಪ್ಯಾನಿಶ್ ಕಲಿತೆ. ನನ್ನ ಅನುಭವ ಪೂರ್ತಿ ಉಲ್ಟಾ! ಈ ಪಾಠಕ್ಕೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರದ ದಾರಿ.

ನೋಡಿ, ಹೈಸ್ಕೂಲ್ ವ್ಯಾಕರಣದಲ್ಲಿ ವಿಧ್ಯರ್ಥ ಅಂತ ಓದಿದ್ದು ನೆನಪಿದೆಯಾ? ಆಜ್ಞೆ, ಹಾರೈಕೆ, ಒಪ್ಪಿಗೆ ಹೇಳೋ ರೂಪ. ‘ಮಾತಾಡ್ತಾನೆ’ ಅಂದ್ರೆ ನಡೆಯೋ ಸಂಗತಿ. ‘ಮಾತಾಡಲಿ’ ಅಂದ್ರೆ ಇನ್ನೂ ನಡೆದಿಲ್ಲ, ನಡೀಲಿ ಅಂತ ಮನಸ್ಸಲ್ಲಿದೆ. ಸ್ಪ್ಯಾನಿಶ್‌ನಲ್ಲಿ ‘ಆಬ್ಲಾ’ ಅಂದ್ರೆ ಮಾತಾಡ್ತಾನೆ, ‘ಆಬ್ಲೆ’ ಅಂದ್ರೆ ಮಾತಾಡಲಿ. ‘ಕೋಮೆ’ ತಿಂತಾನೆ, ‘ಕೋಮಾ’ ತಿನ್ನಲಿ. ಸೂತ್ರ ಇಷ್ಟೇ: ‘ಆರ್’ ಅಂತ ಮುಗಿಯೋ ಕ್ರಿಯಾಪದಕ್ಕೆ ಕೊನೇಲಿ ‘ಎ’, ‘ಏರ್’, ‘ಈರ್’ ಅಂತ ಮುಗಿಯೋದಕ್ಕೆ ‘ಅ’. ಘೋಷಣೆಗಳಲ್ಲಿ ಕೇಳೋ ‘ವಿವಾ’ ಕೂಡ ಇದೇ, ಅಂದ್ರೆ ‘ಬಾಳಲಿ’.

‘ಕ್ಯೇರೋ ಕೆ ಆನಾ ಆಬ್ಲೆ’ ಅಂದ್ರೆ ‘ಆನಾ ಮಾತಾಡಲಿ ಅಂತ ನನ್ನಾಸೆ’. ‘ಕೆ’ ಅನ್ನೋದು ನಮ್ಮ ‘ಅಂತ’ ಇದ್ದ ಹಾಗೆ. ‘ಆಬ್ಲೆ ಕ್ಯೇನ್ ಆಬ್ಲೆ’ ಅಂದ್ರೆ ‘ಯಾರೇ ಮಾತಾಡಲಿ’. ಇದನ್ನೇ ಇಂಗ್ಲಿಷಲ್ಲಿ ‘ಐ ವಾಂಟ್ ಆನಾ ಟು ಸ್ಪೀಕ್’ ಅಂತ ಕಲಿಸಿದ್ರೆ ಆ ‘ಲಿ’ ಎಲ್ಲಿ ಕಾಣುತ್ತೆ ಹೇಳಿ? ಇಂಗ್ಲಿಷಿನಲ್ಲಿ ಈ ರೂಪ ‘ಗಾಡ್ ಸೇವ್ ದ ಕಿಂಗ್’ ಥರದ ಕೆಲವು ಕಡೆ ಮಾತ್ರ ಉಳಿದಿದೆ.

ಎಲ್ಲಾ ಕಡೆ ‘ಲಿ’ ನಡೆಯಲ್ಲ, ಅದನ್ನೂ ಹೇಳಬೇಕು. ‘ಮಾತಾಡೋದು ಅನುಮಾನ’ ಅನ್ನೋವಾಗಲೂ ಸ್ಪ್ಯಾನಿಶ್‌ನೋರು ‘ಆಬ್ಲೆ’ನೇ ಅಂತಾರೆ. ನಮ್ಮಲ್ಲಿ ಅನುಮಾನಕ್ಕೆ ಸಂಭಾವನಾರ್ಥ ಬೇರೆ ಇದೆ, ‘ಬಂದಾನು’ ಅಂತ. ಅದು ನಮ್ಮ ಕಡೆ ಹುಡುಗರಿಗೆ ತೊಡಕು. ಪುಸ್ತಕದ ‘ಬಂದಾನು’ ಅಂದ್ರೆ ಬಂದರೂ ಬರಬಹುದು, ನಮ್ಮ ಆಡುಮಾತಿನ ‘ಬಂದಾನ’ ಅಂದ್ರೆ ಬಂದೇಬಿಟ್ಟಿದ್ದಾನೆ! ಇನ್ನು ನಮ್ಮಲ್ಲಿ ‘ಅವನು ಬರಲಿ, ಅವರು ಬರಲಿ’ ಎರಡಕ್ಕೂ ಒಂದೇ ರೂಪ, ಅಲ್ಲಿ ಅವನಿಗೆ ‘ಆಬ್ಲೆ’, ಅವರಿಗೆ ‘ಆಬ್ಲೆನ್’. ಇಂಥವನ್ನು ಬಾಯಿಪಾಠ ಮಾಡಲೇಬೇಕು.

ಹುಡುಗಿಗೆ ಒಂದು ವಾಕ್ಯ ಕೊಟ್ಟೆ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರು ಪ್ರತಿವರ್ಷ ಅನ್ನೋ ಮಾತು: ‘ನೀರು ಹರಿಯಲಿ’. ಒಂದು ನಿಮಿಷ ಯೋಚಿಸಿ, "ಕೋರ್ರೆ ಹರಿತದ... ಕೆ ಕೋರ್ರಾ ಎಲ್ ಆಗ್ವಾ!" ಅಂದ್ಲು. ಸರಿಯಾಗಿತ್ತು. ‘ಕೆ’ ತೆಗೆದು ‘ಓಹಲಾ’ ಹಾಕು, ಹಾರೈಕೆ ಇನ್ನೂ ಗಟ್ಟಿ ಆಗುತ್ತೆ ಅಂದೆ. ಅದು ‘ದೇವರು ಮನಸ್ಸು ಮಾಡಿದರೆ’ ಅನ್ನೋ ಅರಬ್ಬಿ ಮಾತಿನಿಂದ ಸ್ಪೇನಿಗೆ ಬಂದ ಪದ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿನವರಿಗೆ ‘ಇನ್ಷಾ ಅಲ್ಲಾ’ ಹೊಸದೇನಲ್ವಲ್ಲ :)

ಹುಡುಗಿಗೆ ಇಂಗ್ಲಿಷ್ ಬೇಡ ಅಂತಿಲ್ಲ. ನೌಕರಿಗೆ ಅದೂ ಬೇಕು, ಕಲೀಲಿ. ಆದ್ರೆ ಬಾಯಲ್ಲಿ ಆಗಲೇ ಇರೋ ವ್ಯಾಕರಣವನ್ನು ಮರೆಸಿ, ‘ನಿನಗೆ ಬರಲ್ಲ’ ಅನ್ನೋ ಪಾಠ ಎಂಥ ಪಾಠ? ಕಲಿಸೋರು ಒಂದ್ಸಲ ಮಕ್ಕಳ ಭಾಷೆಯನ್ನೂ ಕೇಳಿಸಿಕೊಳ್ಳಲಿ.

ನೀವೇನಂತೀರಿ?